ತೊಟ್ಟಿಕ್ಕುವುದು ಎಲ್ಲಿ, ಸೋರುವುದು ಎಲ್ಲಿ?

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ ನೀರಮಾನ್ವಿ ಎಂಬ ಗ್ರಾಮವಿದೆ. ಹೆಸರಿನಲ್ಲಿಯೇ ನೀರನ್ನು ಹೊತ್ತ ಈ ಊರು ಯಲ್ಲಮ್ಮ ದೇವಿಯ ಗುಡಿಯಿಂದಲೂ ಜಾತ್ರೆಯಿಂದಲೂ ಸುತ್ತಣ ಸೀಮೆಗೆಲ್ಲ ಪರಿಚಿತವಾದುದು. ಆದರೆ ಹೆಸರಿಗೆ ತಕ್ಕಷ್ಟು ನೀರನ್ನು ಆಕಾಶವು ಈ ಕಡೆಗೆ ಕಳುಹಿಸುವುದಿಲ್ಲ. ಕೃಷ್ಣೆ ತುಂಗಭದ್ರೆಗಳೆರಡರ ನಡುವೆ ಇದ್ದರೂ ರಾಯಚೂರು ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 60–70 ಸೆಂಟಿಮೀಟರು ಮಾತ್ರ. ಆಗುಂಬೆಯಲ್ಲಿ ಅಷ್ಟು ಮಳೆ ಆಷಾಢದ ಹತ್ತು ಹನ್ನೆರಡು ದಿನಗಳಲ್ಲಿ ಸುರಿದು ಮುಗಿದುಹೋಗುತ್ತದೆ.

ಇಷ್ಟು ಕಡಮೆ ಮಳೆಯ ನಾಡಿನಲ್ಲಿ ಮನೆ ಸೋರುವ ಮಾತು ಎಲ್ಲಿಂದ ಬಂತು ಎಂದು ಮಲೆನಾಡಿನವರು ನಗಬಹುದು. ನಗುವುದಕ್ಕೆ ಕಾರಣವಿಲ್ಲ. ಮಲೆನಾಡಿನ ಮನೆಯನ್ನು ಕಟ್ಟಿದವನು ಮಳೆಯನ್ನು ಕಣ್ಣ ಮುಂದೆ ಇಟ್ಟುಕೊಂಡು ಕಟ್ಟಿದ; ನೀರು ನಿಲ್ಲದೆ ಜಾರಿಹೋಗುವಂತೆ ಇಳಿಜಾರಾಗಿ ಹೆಂಚು ಹೊದೆಸಿದ. ಮಾನ್ವಿ, ದೇವದುರ್ಗಗಳ ಕಡೆ ಮನೆ ಕಟ್ಟಿದವನು ಕಣ್ಣ ಮುಂದೆ ಇಟ್ಟುಕೊಂಡದ್ದು ಬಿಸಿಲನ್ನು. ವೈಶಾಖದ ಉರಿಯನ್ನು ತಡೆಯಲು ಮೇಲೆ ದಪ್ಪನಾಗಿ ಮಣ್ಣು ಹೇರಿ, ಚಪ್ಪಟೆಯಾದ ಮಾಳಿಗೆಯನ್ನು ಮಾಡಿದ. ಮೇಲ್ಮುದ್ದೆಯ ಮನೆ ಎಂದು ಪ್ರಸಿದ್ಧವಾದುದು ಇದೇ. ವರ್ಷದ ಹತ್ತು ತಿಂಗಳು ಆ ಮಾಳಿಗೆಯಂಥ ತಂಪು ಬೇರೊಂದಿಲ್ಲ. ಉಳಿದ ಎರಡು ತಿಂಗಳಲ್ಲಿ, ಅದರಲ್ಲಿಯೂ ಭಾದ್ರಪದ ಆಶ್ವಯುಜಗಳ ಜಡಿಮಳೆ ಹಿಡಿದಾಗ, ನಡುರಾತ್ರಿಯಲ್ಲಿ ಮಗುವಿನ ದನಿ ಏಳುತ್ತದೆ: “ಯವ್ವಾ, ಮಾಳಿಗಿ ಸೋರಾಕತ್ತದ!” ದೀಪ ಹಚ್ಚಿ, ಹಾಸಿಗೆ ಸುತ್ತಿ, ಹನಿ ಬೀಳುವ ಕಡೆ ಕೊಡವನ್ನೋ ಬೋಗುಣಿಯನ್ನೋ ಇಟ್ಟು, ಬೆಳಗಾಗುವುದನ್ನು ಕಾಯುವುದು ಆ ಸೀಮೆಯ ಗೃಹಿಣಿಯರಿಗೆ ಹೊಸತಲ್ಲ.

ಬೆಳಗಾದ ಮೇಲೆ ಮೊದಲಾಗುತ್ತದೆ ನಿಜವಾದ ಒಗಟು. ಗಂಡಸರು ಏಣಿ ಹಾಕಿ ಮಾಳಿಗೆ ಹತ್ತಿ, ಕೆಳಗೆ ಕೊಡವಿಟ್ಟ ಜಾಗಕ್ಕೆ ಸರಿಯಾಗಿ ಮೇಲೆ ನೋಡಿದರೆ ಅಲ್ಲಿ ಮಣ್ಣು ಬಿಗಿಯಾಗಿಯೇ ಇರುತ್ತದೆ. ಬಿರುಕಿಲ್ಲ, ತೂತಿಲ್ಲ. ಆದರೂ ಇರಲೆಂದು ನಾಲ್ಕು ಪುಟ್ಟಿ ಹೊಸ ಮಣ್ಣು ಹಾಕಿ ತುಳಿದು ಇಳಿಯುತ್ತಾರೆ. ಮುಂದಿನ ಮಳೆಯಲ್ಲಿ ಹನಿ ಮತ್ತೆ ಅದೇ ಕೊಡದೊಳಕ್ಕೆ ಬೀಳುತ್ತದೆ.

ಮನೆ ಸೋರುವ ವಿದ್ಯೆಯ ಮೊದಲನೆಯ ಪಾಠ ಇದು: ನೀರು ಕಾಣಿಸಿಕೊಳ್ಳುವ ಜಾಗ ಒಂದು, ಒಳಹೊಗುವ ಜಾಗ ಮತ್ತೊಂದು. ಇವೆರಡರ ನಡುವೆ ಎಷ್ಟು ಮೊಳದ ಅಂತರವಿದೆಯೆಂಬುದನ್ನು ತಿಳಿಯಬೇಕಾದರೆ ಮಾಳಿಗೆಯ ಹೊಟ್ಟೆಯಲ್ಲಿ ಏನಿದೆಯೆಂಬುದನ್ನು ಮೊದಲು ನೋಡಬೇಕು.

ಮಣ್ಣಿನ ಮಾಳಿಗೆಯ ಒಳಗುಟ್ಟು

ಕಂಬಗಳ ಮೇಲೆ ದಪ್ಪನೆಯ ತೊಲೆ. ತೊಲೆಗಳ ಮೇಲೆ ಅಡ್ಡಲಾಗಿ ಸಾಲುಸಾಲಾಗಿ ಜಂತಿಗಳು. ಜಂತಿಗಳ ಮೇಲೆ ಸೀಳುಕಟ್ಟಿಗೆಯೋ ಹಲಗೆಯೋ, ಅನುಕೂಲವಿದ್ದವರ ಮನೆಯಲ್ಲಿ ಪರಸಿಯ ಕಲ್ಲೋ. ಅದರ ಮೇಲೆ ಬೇವಿನ ಸೊಪ್ಪಿನಂಥ ಹಾಸು. ಎಲ್ಲಕ್ಕೂ ಮೇಲೆ ಒಂದಡಿಯಷ್ಟು ಮಣ್ಣು. ಸುತ್ತಲೂ ಮೋಟು ಗೋಡೆಯಂತೆ ಕುಂಬಿ. ಒಂದು ಮೂಲೆಗೆ ತುಸು ಇಳಿಜಾರು ಕೊಟ್ಟು ಅಲ್ಲಿ ನೀರು ಹೊರಬೀಳಲು ದೋಣಿ. ಒಳಗಿನ ಕತ್ತಲೆ ಕಳೆಯಲು ನಡುಮನೆಯ ನೆತ್ತಿಯಲ್ಲಿ ಒಂದು ಬೆಳಕಿಂಡಿ.

ಮೇಲಿನ ಪದರಕ್ಕೆ ಸಿಕ್ಕಿದ ಮಣ್ಣು ನಡೆಯದು. ಎರೆಮಣ್ಣು ಅಂತೂ ಕೂಡದು. ಅದು ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಇದಕ್ಕೆ ಬೇಕಾದುದು ಸವಳು ಮಣ್ಣು. ಬೆಳೆಯನ್ನು ಬೆಳೆಯಗೊಡದ ಈ ಬಿಳಿಯ ಮಣ್ಣನ್ನು ಹೊಲದ ಒಡೆಯ ಶಪಿಸುತ್ತಾನೆ, ಮನೆಯ ಒಡೆಯ ಗಾಡಿಯಲ್ಲಿ ಹೇರಿ ತರಿಸುತ್ತಾನೆ. ಇದರ ಗುಣಕ್ಕೆ ವಿಜ್ಞಾನಿಗಳು ಹೇಳುವ ಕಾರಣ ಸರಳವಾಗಿದೆ. ಸವಳು ಮಣ್ಣಿನಲ್ಲಿ ಸೋಡಿಯಂ ಅಧಿಕ. ನೀರು ತಾಗಿದೊಡನೆ ಅದು ಜೇಡಿಯ ಕಣಗಳನ್ನು ಒಂದರಿಂದೊಂದು ಬಿಡಿಸುತ್ತದೆ. ಬಿಡಿಬಿಡಿಯಾದ ನುಣುಪು ಕಣಗಳು ಮಣ್ಣಿನ ಸಣ್ಣ ರಂಧ್ರಗಳಿಗೆ ಹೋಗಿ ಕುಳಿತು ಬೆಣೆ ಹೊಡೆದಂತೆ ಮುಚ್ಚಿಬಿಡುತ್ತವೆ. ನೀರು ಮೇಲೆಯೇ ನಿಂತು, ಹರಿದು, ದೋಣಿಯ ದಾರಿ ಹಿಡಿಯುತ್ತದೆ. ಬೇರಿಗೆ ನೀರಿಳಿಯಗೊಡದೆ ಹೊಲವನ್ನು ಕೆಡಿಸುವ ದೋಷವೇ ಮನೆಯ ನೆತ್ತಿಯ ಮೇಲೆ ಗುಣವಾಗುವುದು ಹೀಗೆ. ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಆ ಸೀಮೆಯ ಎಷ್ಟೋ ಹೊಲಗಳು ಸವಳು ಜವಳಾದುವು. ಅದು ಬೇರೆಯೇ ಕಥೆ.

ಹಾಗಾದರೆ ಮಾಳಿಗೆ ಸೋರುವುದೇಕೆ? ಮಣ್ಣು ಕೈಕೊಡುವುದು ಅಪರೂಪ, ಕೈಕೊಡುವುದು ಸಂದುಗಳು. ಕುಂಬಿಯ ಗೋಡೆ ಮಾಳಿಗೆಯನ್ನು ಕೂಡುವ ಅಂಚು, ಬೆಳಕಿಂಡಿಯ ಸುತ್ತಣ ಕಟ್ಟೆ, ದೋಣಿಯ ಬಾಯಿ: ಈ ಮೂರು ಜಾಗಗಳಲ್ಲಿ ಬೇರೆ ಬೇರೆ ವಸ್ತುಗಳು ಒಂದಕ್ಕೊಂದು ತಾಗಿರುತ್ತವೆ. ಬಿಸಿಲಿಗೆ ಒಂದು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಮೆ. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು. ಹೋದ ವರ್ಷ ಮಾಳಿಗೆಯ ಮೇಲೆ ಬೆಳೆದ ಹುಲ್ಲು ಒಣಗಿ, ಅದರ ಬೇರು ಕೊಳೆತು, ಆ ಬೇರಿದ್ದ ಜಾಗವೇ ಸಣ್ಣ ಕೊಳವೆಯಾಗುವುದೂ ಉಂಟು. ಇಲಿಯೂ ಇರುವೆಯೂ ತಮ್ಮ ಪಾಲಿನ ಸೇವೆಯನ್ನು ಸಲ್ಲಿಸುತ್ತವೆ. ಆದಕಾರಣವೇ ಮುಂಗಾರಿಗೆ ಮೊದಲು ಹುಲ್ಲು ಕಿತ್ತು, ಹೊಸ ಸವಳು ಹಾಕಿ, ಮಾಳಿಗೆಯನ್ನು ಮಟ್ಟಮಾಡುವ ವಾಡಿಕೆ ಹುಟ್ಟಿತು.

ಒಮ್ಮೆ ಒಳಹೊಕ್ಕ ನೀರು ನೆಟ್ಟಗೆ ಕೆಳಗಿಳಿಯುವುದಿಲ್ಲ. ಹಲಗೆಗೆ ತಾಗಿ, ಹಲಗೆಯ ಇಳಿಜಾರಿನಲ್ಲಿ ಸಾಗಿ, ಜಂತಿಯನ್ನು ಸೇರಿ, ಜಂತಿಯ ತಳಕ್ಕೆ ಅಂಟಿಕೊಂಡು ತಲೆಕೆಳಗಾಗಿ ನಡೆಯುತ್ತದೆ. ತುಂಬಿದ ಲೋಟವನ್ನು ಮೆಲ್ಲಗೆ ಬಗ್ಗಿಸಿದರೆ ನೀರು ಲೋಟದ ಹೊರಮೈಗೆ ಅಂಟಿಯೇ ಇಳಿಯುವುದನ್ನು ಎಲ್ಲರೂ ನೋಡಿದ್ದಾರೆ. ಜಂತಿಯ ಕೆಳಗೆ ನಡೆಯುವುದೂ ಅದೇ ಕ್ರಿಯೆ. ಮರದಲ್ಲಿ ಗಂಟೋ ಮೊಳೆಯೋ ತಗ್ಗೋ ಎದುರಾದಾಗ ಮಾತ್ರ ಅದು ಕೈಬಿಟ್ಟು ಹನಿಯಾಗಿ ಬೀಳುತ್ತದೆ. ಕುಂಬಿಯ ಸಂದಿನಲ್ಲಿ ಹೊಕ್ಕ ನೀರು ಹೀಗೆ ನಾಲ್ಕಾರು ಮೊಳ ಪ್ರಯಾಣ ಮಾಡಿ ನಡುಮನೆಯ ಹಾಸಿಗೆಯ ಮೇಲೆ ಬಿದ್ದರೆ, ಹಾಸಿಗೆಯ ನೇರಕ್ಕೆ ಮೇಲೆ ಮಣ್ಣು ಸುರಿದವನ ಶ್ರಮ ವ್ಯರ್ಥವಾದುದರಲ್ಲಿ ಆಶ್ಚರ್ಯವೇನು?

ಅನುಭವಸ್ಥರು ಮೇಲೆ ಹತ್ತುವುದಕ್ಕೆ ಮೊದಲು ಕೆಳಗೆ ನೋಡುತ್ತಾರೆ. ಜಂತಿಯ ಮೇಲೆ ಕಂದು ಬಣ್ಣದ ಕಲೆ ಎಲ್ಲಿಂದ ಆರಂಭವಾಗಿದೆ? ಮರದ ಯಾವ ಭಾಗ ಕೈಗೆ ತಣ್ಣಗೆ ಹತ್ತುತ್ತದೆ? ಕಲೆಯನ್ನು ಹಿಂದಕ್ಕೆ ಹಿಂದಕ್ಕೆ ಅನುಸರಿಸಿ ಹೋದರೆ ಅದು ಬಹುಮಟ್ಟಿಗೆ ಗೋಡೆಯ ಅಂಚಿಗೋ ಬೆಳಕಿಂಡಿಯ ಕಟ್ಟೆಗೋ ಕರೆದೊಯ್ದು ನಿಲ್ಲಿಸುತ್ತದೆ.

ಹನಿಯ ಹಿಂದಿನ ಭಾರ

ಕೊಡವಿಟ್ಟು ರಾತ್ರಿ ಕಳೆಯುವುದು ಒಂದು ತೊಂದರೆ ಮಾತ್ರವಾಗಿದ್ದರೆ ಇಷ್ಟೊಂದು ಹೇಳುವ ಅವಶ್ಯಕತೆ ಇರಲಿಲ್ಲ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಮೇಲೆ ಒಂದಡಿ ಮಣ್ಣು ಎಂದರೆ ನೂರು ಘನ ಅಡಿ. ಘನ ಅಡಿಗೆ 45 ಕಿಲೋಗ್ರಾಂ ಎಂದು ಹಿಡಿದರೂ ನಾಲ್ಕೂವರೆ ಟನ್ನು ಆಯಿತು. ಮಣ್ಣು ನೀರು ಕುಡಿದರೆ ಅದರ ಮೇಲೆ ಇನ್ನೂ ಅರ್ಧ ಟನ್ನಿಗೆ ಮಿಕ್ಕು ಭಾರ ಸೇರುತ್ತದೆ. ಭಾರ ಹೆಚ್ಚುವ ಹೊತ್ತಿನಲ್ಲಿಯೇ ಅದನ್ನು ಹೊರಬೇಕಾದ ಮಣ್ಣಿನ ಗೋಡೆ ನೆನೆದು ಮೆತ್ತಗಾಗುತ್ತಿರುತ್ತದೆ; ಗೋಡೆಯೊಳಗೆ ಹುದುಗಿದ ಜಂತಿಯ ತುದಿ ಕಾಣದಂತೆ ಕೊಳೆಯುತ್ತಿರುತ್ತದೆ.

2009ರ ಸೆಪ್ಟೆಂಬರ್ ಕೊನೆಯಲ್ಲಿ ಹಿಡಿದ ಮಳೆ ಅಕ್ಟೋಬರ್ ಮೊದಲ ದಿನಗಳವರೆಗೆ ಉತ್ತರ ಕರ್ನಾಟಕವನ್ನು ಬಿಡಲಿಲ್ಲ. ರಾಯಚೂರು, ವಿಜಾಪುರ, ಬಾಗಲಕೋಟೆ, ಕೊಪ್ಪಳ ಮೊದಲಾದ ಜಿಲ್ಲೆಗಳಲ್ಲಿ ನದಿಗಳ ಪ್ರವಾಹ ಒಂದು ಕಡೆಯಾದರೆ, ನದಿಯೇ ಇಲ್ಲದ ಊರುಗಳಲ್ಲಿಯೂ ನೆನೆದ ಮಣ್ಣಿನ ಮನೆಗಳು ಕುಸಿದುವು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಅಸುನೀಗಿದರು. ಮನೆ ಕಳೆದುಕೊಂಡವರಿಗಾಗಿ ಸರ್ಕಾರವೂ ದಾನಿಗಳೂ ಸೇರಿ ಕಟ್ಟಿಸಿದ ‘ಆಸರೆ’ ಮನೆಗಳ ಕಾಲನಿಗಳು ಆ ಮಳೆಯ ಗುರುತಾಗಿ ಉಳಿದಿವೆ.

ಮಾಳಿಗೆ ಬೀಳುವ ಮೊದಲು ಬಹಳ ಸಲ ಸೂಚನೆ ಕೊಡುತ್ತದೆ. ಸೋರುವ ನೀರು ತಿಳಿಯಾಗಿರದೆ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಸಂದುಗಳಿಂದ ಮಣ್ಣು ಉದುರತೊಡಗುತ್ತದೆ. ಜಂತಿ ನಡುವೆ ಬಾಗುತ್ತದೆ. ಗೋಡೆ ಹೊಟ್ಟೆ ಬಿಡುತ್ತದೆ. ನಿನ್ನೆಯವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಚೌಕಟ್ಟಿನಲ್ಲಿ ಬಿಗಿದುಕೊಳ್ಳುತ್ತದೆ. ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿ ಅಲ್ಲಿ ಮಲಗಬಾರದು. ಸೋರುವ ಜಾಗವನ್ನು ಹುಡುಕುವ ಕೆಲಸವನ್ನು ಬಿಸಿಲು ಬಂದ ಮೇಲೆ ಇಟ್ಟುಕೊಳ್ಳಬಹುದು.

ಗಾಲಿಯ ಮೇಲಿನ ಮನೆ

ಜಾತ್ರೆಗೆ ಹೊರಟವರು ಹಿಂದೆ ಸವಾರಿ ಬಂಡಿಯ ಕಮಾನಿಗೆ ಚಾಪೆ ಕಟ್ಟಿ, ಹಾಸಿಗೆ, ರೊಟ್ಟಿಯ ಬುತ್ತಿ, ಮಕ್ಕಳು ಮರಿ ಸಹಿತ ಎರಡು ಮೂರು ದಿನ ಅದರಲ್ಲಿಯೇ ಸಂಸಾರ ಹೂಡುತ್ತಿದ್ದರು. ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರು ಬಂದ ಮೇಲೆ ಟ್ರೈಲರಿನ ಮೇಲೆ ತಾಡಪತ್ರಿ ಏರಿತು. ಮಳೆ ಬಂದಾಗ ದಪ್ಪ ಬಟ್ಟೆಯ ಹೊದಿಕೆಯನ್ನು ಒಳಗಿನಿಂದ ಮುಟ್ಟಬಾರದೆಂದು ಹಿರಿಯರು ಮಕ್ಕಳನ್ನು ಗದರಿಸುತ್ತಿದ್ದುದು ವೃಥಾ ಅಲ್ಲ. ಬಿಗಿಯಾದ ನೇಯ್ಗೆಯ ಎಳೆಗಳ ನಡುವೆ ನೀರು ತನ್ನ ಮೇಲ್ಮೈಯ ಸೆಳೆತದಿಂದಲೇ ತಡೆದು ನಿಂತಿರುತ್ತದೆ. ಬೆರಳು ತಾಗಿದರೆ ಆ ಸೆಳೆತ ಒಡೆದು, ಆ ಜಾಗದಲ್ಲಿ ಹನಿ ಇಳಿಯತೊಡಗುತ್ತದೆ. ಪ್ಲಾಸ್ಟಿಕ್ಕಿನ ತಾಡಪತ್ರಿಗೆ ಈ ಭಯವಿಲ್ಲ.

ಇದೇ ಸಂಸಾರದ ಬಂಡಿಯನ್ನು ಅಮೆರಿಕದವರು ಇನ್ನೊಂದು ಬಗೆಯಲ್ಲಿ ಬೆಳೆಸಿದರು. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಮನೆ ಅದು: ಮಂಚ, ಒಲೆ, ಸ್ನಾನದ ಕೋಣೆ, ನೀರಿನ ಟ್ಯಾಂಕು ಎಲ್ಲವೂ ಒಳಗೇ. ವಾಲಿ ಬೈಮ್ ಎಂಬಾತ ಸ್ಥಾಪಿಸಿದ ಏರ್‌ಸ್ಟ್ರೀಮ್ ಕಂಪನಿಯ ಬೆಳ್ಳಿಬಣ್ಣದ ಅಲ್ಯೂಮಿನಿಯಂ ಟ್ರೈಲರುಗಳು ಇವುಗಳಲ್ಲಿ ಹೆಸರಾಂತವು. 1959ರಲ್ಲಿ ಇಂಥ ಟ್ರೈಲರುಗಳ ದೊಡ್ಡ ತಂಡವೊಂದು ಆಫ್ರಿಕಾದ ಕೇಪ್‌ಟೌನಿನಿಂದ ಕೈರೋವರೆಗಿನ ಪ್ರಯಾಣಕ್ಕೆ ಹೊರಟಿತ್ತು. ಇಷ್ಟೊಂದು ನಾಜೂಕಿನ ಮನೆಗೂ ಬಿಡದೆ ಅಂಟಿದ ಕಾಯಿಲೆಯೆಂದರೆ ಸೋರುವುದು. ನೀರಮಾನ್ವಿಯ ಮಾಳಿಗೆಗೆ ಬೆಳಕಿಂಡಿ ಇದ್ದಂತೆ ಇದರ ನೆತ್ತಿಗೆ ಗಾಳಿಕಿಂಡಿ. ಕುಂಬಿಯ ಸಂದಿದ್ದಂತೆ ತಗಡು ತಗಡು ಕೂಡುವ ಅಂಚು. ಜಂತಿಯಿದ್ದಂತೆ ಎರಡು ತಗಡುಗಳ ನಡುವಣ ಚೌಕಟ್ಟು.

ಆದರೆ ಗಾಲಿಯ ಮನೆಯ ಒಗಟು ಇನ್ನಷ್ಟು ಜಟಿಲ. ನೆಲದ ಮನೆ ನಿಂತಲ್ಲೇ ನಿಲ್ಲುವುದರಿಂದ ಹನಿ ಪ್ರತಿ ಸಲವೂ ಒಂದೇ ಕಡೆ ಬೀಳುತ್ತದೆ. ಟ್ರೈಲರನ್ನು ಇಂದು ಮೂತಿ ತಗ್ಗಾಗಿ ನಿಲ್ಲಿಸಿದರೆ ನೀರು ಮುಂಭಾಗದಲ್ಲಿ ಕಾಣಿಸುತ್ತದೆ. ನಾಳೆ ಬಾಲ ತಗ್ಗಾದರೆ ಅದೇ ತೂತಿನ ನೀರು ಹಿಂದಿನ ಮಂಚದಡಿಯಲ್ಲಿ. ಗೋಡೆಯ ನಡುವೆ ತುಂಬಿದ ನಾರು ಸ್ಪಂಜಿನಂತೆ ನೀರು ಹೀರಿ ಇಟ್ಟುಕೊಂಡು, ಮಳೆ ನಿಂತ ಮೂರನೆಯ ದಿನ, ಎಳೆಬಿಸಿಲಿನಲ್ಲಿ, ಬ್ರೇಕು ಹಾಕಿದೊಡನೆ ಸುರಿಸುವುದೂ ಉಂಟು. ಮಳೆಯೇ ಇಲ್ಲದ ದಿನ ಮನೆ ಸೋರಿದರೆ ಮನೆಯೊಡತಿ ಭೂತಚೇಷ್ಟೆಯೆಂದುಕೊಂಡರೆ ತಪ್ಪೇನು?

ಇಂಥ ಸಂದರ್ಭದಲ್ಲಿ ಬಲ್ಲವರು ಮೊದಲು ಕೇಳುವುದು ‘ತೂತು ಎಲ್ಲಿದೆ’ ಎಂದಲ್ಲ, ‘ಇದು ಯಾವ ನೀರು’ ಎಂದು. ಮಳೆ ಬಂದಾಗ ಮಾತ್ರ ಒದ್ದೆಯಾದರೆ ಅದು ಆಕಾಶದ ನೀರು. ಪಂಪು ಚಾಲೂ ಇದ್ದಾಗ, ನಲ್ಲಿ ತೆರೆದಾಗ ಒದ್ದೆಯಾದರೆ ಅದು ಟ್ಯಾಂಕಿನ ನೀರು. ಎಲ್ಲ ನಲ್ಲಿಗಳನ್ನೂ ಮುಚ್ಚಿದ ಮೇಲೆಯೂ ಪಂಪು ಆಗಾಗ ತಾನಾಗಿ ಗುರುಗುಟ್ಟಿದರೆ ಕೊಳವೆಯೆಲ್ಲೋ ಬಿಟ್ಟಿದೆಯೆಂದು ತಿಳಿಯಬೇಕು. ಮೂರನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಚಳಿಯ ರಾತ್ರಿ ಕಿಟಕಿಗಳನ್ನೆಲ್ಲ ಮುಚ್ಚಿ ನಾಲ್ವರು ಮಲಗಿದರೆ ಅವರ ಉಸಿರಿನಿಂದಲೂ ಮೈಯಿಂದಲೂ ಬೆಳಗಿನೊಳಗೆ ಒಂದು ಲೀಟರಿಗೂ ಮಿಕ್ಕ ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. ಒಂದು ಕಿಲೋಗ್ರಾಂ ಅಡಿಗೆಯ ಅನಿಲ ಉರಿದರೆ ಅದರಿಂದ ಹುಟ್ಟುವ ನೀರು ಒಂದೂವರೆ ಕಿಲೋಗ್ರಾಮಿಗೂ ಹೆಚ್ಚು! ಈ ಆವಿ ತಣ್ಣನೆಯ ತಗಡಿಗೆ ತಾಗಿ ಹನಿಯಾಗಿ ಇಳಿದಾಗ, ಇಲ್ಲದ ತೂತನ್ನು ಹುಡುಕಿ ಸೂರಿಗೆಲ್ಲ ಅಂಟು ಮೆತ್ತಿದವರಿದ್ದಾರೆ. ಕಿಟಕಿಯನ್ನು ಎರಡು ಬೆರಳು ತೆರೆದಿಟ್ಟಿದ್ದರೆ ಆಗುತ್ತಿತ್ತು.

ಮಳೆಯ ನೀರೇ ಎಂದು ನಿಶ್ಚಯವಾದ ಮೇಲೆ ಹುಡುಕುವುದಕ್ಕೂ ಒಂದು ಕ್ರಮವುಂಟು. ಒಬ್ಬರು ಒಳಗೆ ದೀಪ ಹಿಡಿದು ಕುಳಿತಿರಬೇಕು, ಇನ್ನೊಬ್ಬರು ಹೊರಗಿನಿಂದ ಕೊಳವೆಯಲ್ಲಿ ನೀರು ಬಿಡಬೇಕು. ಬಿಡುವುದು ಕೆಳಗಿನಿಂದ ಮೇಲಕ್ಕೆ. ಮೊದಲೇ ನೆತ್ತಿಯ ಮೇಲೆ ಸುರಿದರೆ ನೀರು ಎಲ್ಲ ಸಂದುಗಳನ್ನೂ ದಾಟಿ ಇಳಿಯುವುದರಿಂದ ಯಾವುದು ಕಳ್ಳ, ಯಾವುದು ಸಾಚಾ ಎಂಬುದೇ ತಿಳಿಯದು. ಕೆಳಗಿನ ಅಂಚಿಗೆ ಹತ್ತು ನಿಮಿಷ, ಕಿಟಕಿಯ ತಳಕ್ಕೆ ಹತ್ತು ನಿಮಿಷ, ಆಮೇಲೆ ಕಿಟಕಿಯ ಮೇಲಂಚು, ಕಟ್ಟಕಡೆಗೆ ಸೂರು. ತಾಳ್ಮೆಗೆಟ್ಟವರಿಗೆ ಇದು ಒಗ್ಗುವುದಿಲ್ಲ. ಅಂಥವರಿಗಾಗಿಯೇ ಎಂಬಂತೆ ಇನ್ನೊಂದು ಉಪಾಯವೂ ಇದೆ. ಕಿಟಕಿ ಬಾಗಿಲುಗಳನ್ನು ಭದ್ರಪಡಿಸಿ, ನೆತ್ತಿಯ ಗಾಳಿಕಿಂಡಿಯಲ್ಲಿ ಬೀಸಣಿಗೆಯ ಯಂತ್ರವನ್ನಿಟ್ಟು ಒಳಗೆ ಗಾಳಿ ತುಂಬುತ್ತಾರೆ. ಹೊರಮೈಗೆ ಸಾಬೂನಿನ ನೀರು ಬಳಿಯುತ್ತಾರೆ. ಎಲ್ಲಿ ಗುಳ್ಳೆ ಏಳುತ್ತದೆಯೋ ಅಲ್ಲಿ ತೂತು. ಸೈಕಲ್ ಅಂಗಡಿಯವನು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಪಂಕ್ಚರ್ ಹುಡುಕುವ ವಿದ್ಯೆಯನ್ನೇ ತಿರುಗುಮುರುಗು ಮಾಡಿದ್ದಾರೆ, ಅಷ್ಟೆ.

ಈ ಟ್ರೈಲರು ಒಮ್ಮೆ ಚಂದ್ರಲೋಕದ ಯಾತ್ರಿಕರಿಗೂ ಬಿಡಾರವಾಯಿತು. 1969ರ ಜುಲೈ 24ರಂದು ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಮೂವರೂ ಸಾಗರದಲ್ಲಿ ಇಳಿದು ಹಡಗು ಸೇರಿದಾಗ ಅವರನ್ನು ಕೂಡಿಹಾಕಿದುದು ಗಾಲಿ ತೆಗೆದು ಮಾರ್ಪಡಿಸಿದ ಏರ್‌ಸ್ಟ್ರೀಮ್ ಟ್ರೈಲರಿನಲ್ಲಿ. ಚಂದ್ರನಿಂದ ಯಾವುದಾದರೂ ಸೂಕ್ಷ್ಮಜೀವಿ ಬಂದಿದ್ದರೆ ಎಂಬ ಭಯ. ಎಷ್ಟೇ ಬಿಗಿ ಮಾಡಿದರೂ ಎಲ್ಲಿಯೋ ಒಂದು ಸಂದು ಉಳಿಯುತ್ತದೆಂಬುದನ್ನು ಇಂಜಿನಿಯರುಗಳು ಬಲ್ಲರು. ಆದ್ದರಿಂದ ಒಳಗಿನ ಗಾಳಿಯ ಒತ್ತಡವನ್ನು ಹೊರಗಿನದಕ್ಕಿಂತ ಕಡಮೆಯಾಗಿಟ್ಟರು. ಸೋರಿದರೂ ಹೊರಗಿನ ಗಾಳಿ ಒಳಕ್ಕೆ ಬರಬೇಕೇ ಹೊರತು ಒಳಗಿನದು ಹೊರಕ್ಕೆ ಹೋಗದು.

ಚಹದ ಎಲೆ ತೋರಿದ ದಾರಿ

ಅಂತರಿಕ್ಷದಲ್ಲಿಯೇ ಮನೆ ಸೋರಿದರೆ? ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿ 2020ರಲ್ಲಿ ಅದೇ ಆಯಿತು. ಗಾಳಿ ಮೆಲ್ಲಮೆಲ್ಲನೆ ಹೊರಕ್ಕೆ ಜಾರುತ್ತಿತ್ತು. ಅಲ್ಲಿನ ಮೂವರು ನಿವಾಸಿಗಳು ಒಂದೊಂದೇ ಕೋಣೆಯ ಬಾಗಿಲು ಮುಚ್ಚಿ, ಯಾವ ಕೋಣೆಯ ಒತ್ತಡ ಇಳಿಯುತ್ತದೆಂದು ಕಾದು ನೋಡಿದರು. ರಷ್ಯದ ‘ಜ್ವೆಜ್ದಾ’ ಎಂಬ ಭಾಗದ ಮೇಲೆ ಗುಮಾನಿ ನಿಂತಿತು. ಕೋಣೆ ಸಿಕ್ಕಿತು, ಬಿರುಕು ಸಿಗಲಿಲ್ಲ. ಕೊನೆಗೆ ಅಕ್ಟೋಬರಿನಲ್ಲಿ ರಷ್ಯದ ಗಗನಯಾತ್ರಿ ಅನಾತೊಲಿ ಇವಾನಿಷಿನ್ ಚಹದ ಪೊಟ್ಟಣವನ್ನು ಒಡೆದು ಎಲೆಗಳನ್ನು ತೇಲಬಿಟ್ಟ. ಭಾರವಿಲ್ಲದ ಆ ಲೋಕದಲ್ಲಿ ಎಲೆಗಳು ಕಾಣದ ಗಾಳಿಯ ಸೆಳವನ್ನು ಹಿಡಿದು ನಿಧಾನವಾಗಿ ಬಿರುಕಿನ ಕಡೆಗೆ ತೇಲಿಹೋದುವು. ಕೋಟ್ಯಂತರ ಡಾಲರಿನ ಉಪಕರಣಗಳ ನಡುವೆ ಗೆದ್ದುದು ಚಿಟಿಕೆ ಚಹ! ಬಿರುಕಿಗೆ ತೇಪೆ ಹಾಕಿದರೂ ಆ ಭಾಗದ ಸೋರಿಕೆ ಪೂರ್ತಿಯಾಗಿ ನಿಲ್ಲಲಿಲ್ಲ. 2025ರ ಜೂನ್‌ನಲ್ಲಿ ಭಾರತದ ಶುಭಾಂಶು ಶುಕ್ಲಾ ಅವರ ಪ್ರಯಾಣ ಮತ್ತೆ ಮತ್ತೆ ಮುಂದಕ್ಕೆ ಹೋದುದಕ್ಕೆ ರಾಕೆಟ್ಟಿನಲ್ಲಿ ದ್ರವ ಆಮ್ಲಜನಕ ಸೋರಿದುದು ಒಂದು ಕಾರಣವಾದರೆ, ಇದೇ ಜ್ವೆಜ್ದಾದ ಒತ್ತಡದ ಪರಿಶೀಲನೆ ಇನ್ನೊಂದು. ಕಡೆಗೆ ಅವರು ಹೊರಟುದು ಜೂನ್ 25ರಂದು.

ಸೋರದ ಮನೆಯನ್ನು ಚಕ್ರವರ್ತಿಯೂ ಕಟ್ಟಲಿಲ್ಲ. 1652ರಲ್ಲಿ ದಖ್ಖನ್ನಿಗೆ ಹೋಗುವ ದಾರಿಯಲ್ಲಿ ಆಗ್ರಾದಲ್ಲಿ ಇಳಿದ ಔರಂಗಜೇಬ್, ತಾಯಿಯ ಗೋರಿಯ ಗುಮ್ಮಟ ಮಳೆಗಾಲದಲ್ಲಿ ಉತ್ತರದ ಕಡೆ ಎರಡು ಜಾಗದಲ್ಲಿ ಸೋರುತ್ತದೆಂದು ತಂದೆ ಷಹಜಹಾನನಿಗೆ ಪತ್ರ ಬರೆದ. 2024ರ ಸೆಪ್ಟೆಂಬರಿನ ಮಳೆಯಲ್ಲಿ ತಾಜಮಹಲಿನ ಅದೇ ಗುಮ್ಮಟ ಮತ್ತೆ ಜಿನುಗಿತು. ಈ ಸಲ ಮೇಲೆ ಹೋಗಿ ನೋಡಿದುದು ಡ್ರೋನ್.

ಪಟ್ಟಣದ ಸಿಮೆಂಟು ಮನೆಯವರು ಮಣ್ಣಿನ ಮಾಳಿಗೆಯ ಕಷ್ಟ ತಮ್ಮದಲ್ಲವೆಂದುಕೊಳ್ಳುವಂತಿಲ್ಲ. ತಾರಸಿಯ ಮೋಟುಗೋಡೆಯ ಬುಡ, ಕೊಳವೆ ಹಾದುಹೋಗುವ ತೂತು, ನೀರಿನ ತೊಟ್ಟಿಯ ಕಾಲುಗಳು ಇವೇ ಅಲ್ಲಿಯೂ ಅಪರಾಧಿಗಳು. ಹನಿ ಬಿದ್ದ ಜಾಗಕ್ಕೆ ಸಿಮೆಂಟು ಬಳಿಸುವ ಮೊದಲು ನೀರಿನ ಜಾತಿಯನ್ನು ನಿರ್ಣಯಿಸುವುದು ಮೇಲು. ರಾತ್ರಿ ಎಲ್ಲ ನಲ್ಲಿಗಳನ್ನೂ ನಿಲ್ಲಿಸಿ ತೊಟ್ಟಿಯೊಳಗಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ನೋಡಿದರೆ ಕೊಳವೆಯ ಸೋರಿಕೆ ತಾನಾಗಿ ಬಯಲಾಗುತ್ತದೆ. ಶೌಚದ ಸಿಸ್ಟರ್ನಿನ ಮೇಲೆ ಸಂಶಯವಿದ್ದರೆ ಅದರಲ್ಲಿ ಚಿಟಿಕೆ ಬಣ್ಣ ಕಲಸಿ, ಅರ್ಧ ಗಂಟೆ ಯಾರೂ ನೀರು ಎಳೆಯದಂತೆ ನೋಡಿಕೊಂಡರಾಯಿತು. ಬೋಗುಣಿಯಲ್ಲಿ ಬಣ್ಣ ಕಂಡರೆ ಒಳಗಿನ ಮುಚ್ಚಳ ಸವೆದಿದೆ. ತಾರಸಿಯದೇ ದೋಷವೆಂದಾದರೆ ಜೇಡಿಮಣ್ಣಿನ ಕಟ್ಟೆ ಕಟ್ಟಿ ಅದನ್ನು ಭಾಗಗಳಾಗಿ ಮಾಡಿ, ಒಂದು ಭಾಗದಲ್ಲಿ ಒಂದೆರಡು ಅಂಗುಲ ನೀರು ನಿಲ್ಲಿಸಿ ಒಂದು ದಿನ ಕಾಯಬೇಕು. ಒಣಗಿದ ಮೇಲೆ ಮತ್ತೊಂದು ಭಾಗ. ನೂರು ಚದರಡಿಯ ಮೇಲೆ ಒಂದಂಗುಲ ನೀರು ಎಂದರೆ 230 ಕಿಲೋಗ್ರಾಮಿಗೂ ಮಿಕ್ಕ ಭಾರ. ಆದುದರಿಂದ ಬಿರುಕುಬಿಟ್ಟ ಹಳೆಯ ತಾರಸಿಯಲ್ಲಿಯೂ, ಮಣ್ಣಿನ ಮಾಳಿಗೆಯಲ್ಲಿ ಎಂದೆಂದಿಗೂ, ಈ ಪರೀಕ್ಷೆಯನ್ನು ಮಾಡಕೂಡದು.

ಇವೆಲ್ಲಕ್ಕೂ ಮೊದಲು ಯಾವ ಖರ್ಚೂ ಇಲ್ಲದ ಇನ್ನೊಂದು ಕೆಲಸವಿದೆ. ಸೂರಿನ ಒದ್ದೆಯ ಕಲೆಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯುವುದು. ಮಳೆ ಬಂದ ಮರುದಿನ ಕಲೆ ಗೆರೆಯನ್ನು ದಾಟಿತೆ? ಮಳೆಯಿಲ್ಲದ ವಾರದಲ್ಲಿಯೂ ದಾಟಿತೆ? ದಾಟಿದುದು ಯಾವ ದಿಕ್ಕಿಗೆ? ಗಾರೆಯವನು ಬಂದಾಗ ಮೊದಲು ತೋರಿಸಬೇಕಾದುದು ಈ ಗೆರೆಗಳನ್ನು.